ಡಿಶ್ಶಿಗೆ ಆಕಾಶ, ಕೇಬಲ್ಲಿಗೆ ಬೀದಿ

ಸುಭದ್ರಮ್ಮನವರ ಮನೆಗೆ ಹೊಸ ಟಿವಿ ಬಂತು. ಮಾಳಿಗೆಯ ಮೇಲೆ ಡಿಶ್ ಕೂತಿತ್ತು, ಕಿಟಕಿಯಲ್ಲಿ ಕೇಬಲ್ ತೂಗುತ್ತಿತ್ತು. ಒಂದು ಉಳಿಯಬೇಕು, ಇನ್ನೊಂದು ಗುಜರಿಗೆ ಹೋಗಬೇಕು. ಆರಿಸುವ ಭಾರ ಟಿವಿಯ ತಲೆಗೇ ಬಿತ್ತು.

“ನನ್ನ ನಂಟು ನೇರ ಆಕಾಶದ ಜೊತೆ. ಕಂಡಕಂಡ ಕಂಬಗಳ ಹಂಗು ನನಗಿಲ್ಲ,” ಎಂದಿತು ಡಿಶ್.

“ನಾನು ಮನೆಮನೆಯನ್ನೂ ಮಾತಾಡಿಸಿಕೊಂಡು ಬಂದವನು. ಇಂಟರ್ನೆಟ್ಟನ್ನೂ ಹೆಗಲ ಮೇಲೆ ಹೊತ್ತು ತಂದಿದ್ದೇನೆ,” ಎಂದಿತು ಕೇಬಲ್.

ಅಷ್ಟರಲ್ಲಿ ಕಾರ್ಮೋಡ ಕವಿದು ಮಳೆ ಸುರಿಯಿತು. ಸಿಗ್ನಲ್ ಹೋಗಿ ಡಿಶ್ಶಿನ ಬಾಯಿ ಕಟ್ಟಿತು. ಕೇಬಲ್ ನಗಲು ಶುರು ಮಾಡಿತಷ್ಟೇ, ಬೀದಿಯಲ್ಲಿ ಮೆರವಣಿಗೆ ಹೊರಟ ಗಣಪತಿಯ ಕಿರೀಟ ತಗಲಿ ಕೇಬಲ್ಲೇ ತುಂಡಾಯಿತು.

“ಇಬ್ಬರೂ ಒಂದೇ ಗರಡಿಯವರು!” ಎಂದು ಟಿವಿ ಹಣೆ ಚಚ್ಚಿಕೊಂಡಿತು.

ಆದರೆ “ನಿಮ್ಮನೇಲೂ ಹೋಯ್ತಾ?” ಎನ್ನುತ್ತ ಬೀದಿಗೆ ಬೀದಿಯೇ ಹೊರಬಂತು. ಒಬ್ಬರು ಏಣಿ ತಂದರು, ಒಬ್ಬರು ಕೇಬಲ್‌ನವನನ್ನೇ ಬೈಕಿನಲ್ಲಿ ಕೂರಿಸಿಕೊಂಡು ಬಂದರು, ಇನ್ನೊಬ್ಬರು ಅವನ ತಲೆಗೆ ಕೊಡೆ ಹಿಡಿದರು. ಗಣಪತಿ ತಿರುವು ದಾಟುವ ಮೊದಲೇ ಕೇಬಲ್ಲಿಗೆ ಜೀವ ಬಂತು.

ಟಿವಿ ಕೇಬಲ್ಲನ್ನೇ ಆರಿಸಿಕೊಂಡಿತು.

“ಕೈಕೊಟ್ಟವರು ಇಬ್ಬರೂ ತಾನೆ?” ಎಂದು ಡಿಶ್ ಸಿಡುಕಿತು.

“ಹೌದಪ್ಪ. ನೀನು ಕೈಕೊಟ್ಟರೆ ನಮ್ಮನೆಯವರೊಬ್ಬರೇ ಆಕಾಶ ನೋಡಬೇಕು. ಅವನು ಕೈಕೊಟ್ಟರೆ ಬೀದಿಯೆಲ್ಲ ಏಣಿ ಹುಡುಕುತ್ತದೆ.”

ಡಿಶ್ ಗುಜರಿಗೇನೂ ಹೋಗಲಿಲ್ಲ. ಸುಭದ್ರಮ್ಮ ಅದನ್ನು ಮಾಳಿಗೆಯ ಮೇಲೆ ಅಂಗಾತ ಮಲಗಿಸಿ ಹಕ್ಕಿಗಳಿಗೆ ನೀರಿಟ್ಟರು. ಈಗ ಅದರ ನೀರು ಬತ್ತಿದರೆ ಸಾಕು, ಬೀದಿಯ ಕಾಗೆಗಳೆಲ್ಲ ಸೇರಿ ಸುಭದ್ರಮ್ಮನನ್ನು ಕೂಗಿ ಕರೆಯುತ್ತವೆ.