ತೆಗೀಬೇಡ

ಕಾವೇರಿ ದಂಡೆಯಲ್ಲಿ, ಸ್ನಾನಘಟ್ಟ ದಾಟಿ ಸ್ವಲ್ಪ ಮುಂದೆ ಹೋದರೆ, ಒಂದು ಹೆಂಚಿನ ಮನೆ. ಅದರಲ್ಲಿ ಮಾದಯ್ಯ ಮೇಷ್ಟ್ರು ಒಬ್ಬರೇ ಇದ್ದರು.

ಒಂದು ಕಾಲಕ್ಕೆ ಅವರು ಸಿನಿಮಾಗಳಿಗೆ ಶಬ್ದ ಹಿಡಿಯುತ್ತಿದ್ದವರು. ಈಗ ಮೈಸೂರಿನಲ್ಲಿ ಸಿನಿಮಾ ಓದುವ ಮಕ್ಕಳು ಆಗೊಮ್ಮೆ ಈಗೊಮ್ಮೆ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಊರವರು ಆ ಮನೆಯನ್ನು ತಮಾಷೆಗೆ ಆಶ್ರಮ ಅನ್ನುತ್ತಿದ್ದರು. ಕಾವಿಯಿಲ್ಲ, ಭಜನೆಯಿಲ್ಲ, ಊಟದ ಹೊತ್ತಿಗೆ ಹೋದರೆ ಊಟವೂ ಇಲ್ಲ. ಅಂಥ ಆಶ್ರಮ.

ಮೇಷ್ಟ್ರದು ಒಂದು ಪದ್ಧತಿ. ಶಿಷ್ಯರ ಚಿತ್ರವನ್ನು ಅವರು ನೋಡುತ್ತಿರಲಿಲ್ಲ. ಪರದೆಗೆ ಬೆನ್ನು ಹಾಕಿ, ನದಿಯ ಕಡೆ ಮುಖ ಮಾಡಿ ಕೂತು, ಕೇಳುತ್ತಿದ್ದರು.

ಹೊಸದಾಗಿ ಬಂದವರಿಗೆ ಮೊದಲು ಕಲಿಸುತ್ತಿದ್ದದ್ದು ಮೌನ ಹಿಡಿಯುವುದನ್ನು. ಎಲ್ಲೇ ಶೂಟಿಂಗ್ ಮಾಡಲಿ, ಕೊನೆಗೆ ಎಲ್ಲರೂ ಅಲ್ಲಾಡದೆ ನಿಂತು, ಆ ಜಾಗದ ಬರೀ ಮೌನವನ್ನು ಒಂದಿಷ್ಟು ಹೊತ್ತು ರೆಕಾರ್ಡ್ ಮಾಡಿಕೊಂಡು ಬರಬೇಕು. ಮಾತು ಮಾತಿನ ನಡುವೆ ಅದನ್ನೇ ತುಂಬಬೇಕು. ಒಂದೊಂದು ಮನೆಯ ಮೌನ ಒಂದೊಂದು ತರಹ, ಇದರದು ಅದಕ್ಕೆ ಹೊಂದುವುದಿಲ್ಲ ಅನ್ನುವುದು ಅವರ ಪಾಠ.

ಬಿಂದುಶ್ರೀ ಆ ಪಾಠ ಕಲಿತಿದ್ದಳು. ಆಮೇಲೆ ಮರೆತಿದ್ದಳು.

ಒಂದು ಬೆಳಿಗ್ಗೆ ಅವಳು ಲ್ಯಾಪ್‌ಟಾಪನ್ನು ಎದೆಗೊತ್ತಿಕೊಂಡು ಬಂದಳು. ಕಾಲೇಜಿನ ಕೊನೆಯ ಚಿತ್ರ. ಥ್ರಿಲ್ಲರ್. ಒಂಟಿ ಹುಡುಗಿ, ದೊಡ್ಡ ಮನೆ, ಬಾಗಿಲಾಚೆ ಯಾರೋ. ಹೆಸರು ‘ಯಾರದು’. ಇನ್ನು ಕೆಲವೇ ದಿನಗಳಲ್ಲಿ ಅದನ್ನು ಇಡೀ ಕಾಲೇಜಿನೆದುರು ತೋರಿಸಬೇಕಿತ್ತು.

"ನೋಡಿದೋರಿಗೆ ಭಯ ಆಗಬೇಕು ಮೇಷ್ಟ್ರೇ. ಆಗ್ತಿಲ್ಲ. ಕ್ಲಾಸಿನೋರಿಗೆ ಒಂದು ತುಣುಕು ತೋರಿಸಿದೆ. ನಕ್ಕುಬಿಟ್ರು."

"ಹಾಕು. ಕೇಳೋಣ."

ಮೇಷ್ಟ್ರು ಒಳಗೆ ಕಿಟಕಿಯ ಪಕ್ಕ ನದಿಯ ಕಡೆ ತಿರುಗಿ ಕೂತರು. ಚಿತ್ರ ಓಡಿತು. ಕೊನೆಯಲ್ಲಿ ಒಂದು ಕಿರುಚಾಟ. ದಂಡೆಯ ಮೇಲಿದ್ದ ಕೊಕ್ಕರೆ ಹಾರಿಹೋಯಿತು.

"ಕೊಕ್ಕರೆಗೆ ಭಯ ಆಯ್ತು," ಅಂದರು ಮೇಷ್ಟ್ರು.

ಬಿಂದುಗೆ ನಗು ಬರಲಿಲ್ಲ.

"ಬೆಕ್ಕು ಹಾರಿತು, ಅಲ್ವಾ?"

"ಹೌದು."

"ಫೋನ್ ಬಂತು. ಆ ಕಡೆಯಿಂದ ಮಾತಿಲ್ಲ. ಫ್ಯಾನ್ ನಿಂತಿತು, ಅಂದ್ರೆ ಕರೆಂಟ್ ಹೋಯ್ತು. ಬೂಟಿನ ಸದ್ದು ಬಂತು."

"ಥ್ರಿಲ್ಲರ್ ಅಂದ್ಮೇಲೆ ಅದೆಲ್ಲ ಇರಲೇಬೇಕಲ್ಲ ಮೇಷ್ಟ್ರೇ."

"ಇರಲಿ. ಮದುವೆ ಅಂದ್ಮೇಲೆ ವಾಲಗ ಇರಬೇಕು, ಯಾರು ಬೇಡ ಅಂದ್ರು? ಗಂಡು ಯಾರು ಅಂತ ಕೇಳ್ತಿದೀನಿ. ಬಾಗಿಲಾಚೆ ಇದ್ದೋನು ಯಾರು?"

"ಕರೀ ಬಟ್ಟೆಯವನು. ಕೈಯಲ್ಲಿ ಚಾಕು."

"ಪಾರ್ಟು ಮಾಡಿದ್ದು?"

"ನಾನೇ. ನನ್ನ ರೈನ್‌ಕೋಟ್ ಹಾಕ್ಕೊಂಡು."

"ಒಳಗಿರೋ ಹುಡುಗಿ?"

"ಅದೂ ನಾನೇ."

"ಕ್ಯಾಮೆರಾ?"

"ಸ್ಟ್ಯಾಂಡ್ ಮೇಲಿಟ್ಟು ಓಡಿ ಬಂದು ನಿಂತ್ಕೋತಿದ್ದೆ."

ಮೇಷ್ಟ್ರು ತಿರುಗಿ ಅವಳ ಮುಖ ನೋಡಿದರು. "ಯಾರೂ ಜೊತೆಗಿರಲಿಲ್ವಾ?"

"ಎಲ್ಲರೂ ಗುಂಪು ಮಾಡ್ಕೊಂಡಿದ್ರು. ನನ್ನನ್ನ ಯಾರೂ ಕರೀಲಿಲ್ಲ. ನಾನೂ ಕೇಳಲಿಲ್ಲ."

ಅದೇನು ಮಹಾ ಅನ್ನುವ ಹಾಗೆ ಅಂದಳು. ಆದರೆ ಅವಳಿಗೆ ಅದು ನೋವಾಗಿತ್ತು. ವರ್ಷವಿಡೀ ನೋವಾಗಿತ್ತು.

"ಸಂಗೀತ ತೆಗಿ," ಅಂದರು ಮೇಷ್ಟ್ರು.

"ಅದನ್ನ ತೆಗೆದ್ರೆ ಏನೂ ಉಳಿಯಲ್ಲ."

"ಉಳಿದಿದ್ದನ್ನ ಕೇಳೋಣ."

ಅವಳು ಸಂಗೀತ ತೆಗೆದಳು. ಮೇಷ್ಟ್ರು ಬೂಟಿನ ಸದ್ದನ್ನೂ ತೆಗೆಸಿದರು. ಚಿತ್ರ ಮತ್ತೆ ಓಡಿತು.

"ಮನೆ ದೊಡ್ಡದು ಅಂದೆ."

"ದೊಡ್ಡ ಬಂಗಲೆ. ನಮ್ಮ ಲೆಕ್ಚರರ್‌ಗೆ ಗೊತ್ತಿದ್ದೋರದು. ಖಾಲಿ ಇತ್ತು."

"ಮತ್ತೆ ಮೌನ ಯಾಕೆ ಇಷ್ಟು ಇಕ್ಕಟ್ಟು?"

ಬಿಂದುವಿನ ಮುಖ ಕೆಂಪಾಯಿತು. ಸಿಕ್ಕಿಬಿದ್ದಿದ್ದಳು.

"ಕೀ ವಾಪಸ್ ಕೊಡೋ ಅವಸರ ಮೇಷ್ಟ್ರೇ. ಮೌನ ಹಿಡಿಯೋದು ಮರೆತೆ. ಎಲ್ಲರೂ ಸುಮ್ಮನೆ ನಿಂತ್ಕೊಳ್ಳಿ ಅಂತ ಹೇಳೋಕೆ ಅಲ್ಲಿ ಯಾರೂ ಇರಲಿಲ್ಲವಲ್ಲ, ನೆನಪೇ ಆಗಲಿಲ್ಲ. ಆಮೇಲೆ ನನ್ನ ರೂಮಿನ ಮೌನ ಹಿಡಿದು ಅಂಟಿಸಿದೆ. ಸಂಗೀತದ ಕೆಳಗೆ ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡೆ."

"ತಪ್ಪು."

"ಹೌದು ಮೇಷ್ಟ್ರೇ."

"ಒಳ್ಳೇ ತಪ್ಪು. ಇನ್ನೊಂದು ಸಲ ಹಾಕು. ನೀನೂ ಈ ಕಡೆ ಬಂದು ಕೂತ್ಕೋ."

ಇಬ್ಬರೂ ಚಿತ್ರಕ್ಕೆ ಬೆನ್ನು ಹಾಕಿ ಕೂತರು.

ದೂರದಲ್ಲೆಲ್ಲೋ ನೀರಿನ ಪಂಪು. ನಲ್ಲಿಯಿಂದ ಒಂದು ಹನಿ. ಆಮೇಲೆ ಬರಿಗಾಲಿನ ಹೆಜ್ಜೆ, ಮೆತ್ತಗೆ. ಹತ್ತಿರ ಬಂತು. ನಿಂತಿತು. ತುಂಬಾ ಹೊತ್ತು ನಿಂತೇ ಇತ್ತು. ಆಮೇಲೆ ವಾಪಸ್ ಹೋಯಿತು.

"ಇದು ನೀನು ಹಾಕಿದ ಹೆಜ್ಜೆನಾ?"

"ಇಲ್ಲ ಮೇಷ್ಟ್ರೇ. ನಾನು ಹಾಕಿದ್ದು ಬೂಟಿನದು. ಅದನ್ನ ಆಗಲೇ ತೆಗೆದೆನಲ್ಲ."

"ರೆಕಾರ್ಡ್ ಮಾಡುವಾಗ ನಿನಗೆ ಕೇಳಿಸಲಿಲ್ವಾ?"

"ರೆಕಾರ್ಡರ್ ಬಾಗಿಲ ಹತ್ರ ಇಟ್ಟು, ನಾನು ಹೆಡ್‌ಫೋನ್ ಹಾಕ್ಕೊಂಡು ಎಡಿಟಿಂಗ್ ಮಾಡ್ತಿದ್ದೆ. ಬೇರೆ ದಿನ ಸ್ಪೀಕರ್ ಜೋರಾಗಿ ಇಟ್ಟಿರ್ತೀನಿ."

"ಹಾಗಾದ್ರೆ ಇದು ಯಾರದು?"

ಬಿಂದು ತಟ್ಟನೆ ಲ್ಯಾಪ್‌ಟಾಪಿನ ಕಡೆ ತಿರುಗಿದಳು. ಅವಳ ಚಿತ್ರಕ್ಕೆ ಮೊದಲ ಸಲ ಒಬ್ಬರು ಹೆದರಿದ್ದರು. ಅದು ಅವಳೇ.

"ನನ್ನ ಬಾಗಿಲಿಗೆ ಯಾರೂ ಬರಲ್ಲ ಮೇಷ್ಟ್ರೇ. ಆ ವಠಾರಕ್ಕೆ ಬಂದು ವರ್ಷ ಆಯ್ತು. ಹಾಲಿನೋನೂ ಬರಲ್ಲ."

"ಬಂದಿದಾರೆ. ನಿಂತಿದಾರೆ. ಹೋಗಿದಾರೆ."

"ಯಾಕೆ ನಿಂತ್ರು?"

ಮೇಷ್ಟ್ರು ಬೇರೆ ಏನೋ ಕೇಳಿದರು. "ಇಂಥ ಸಿನಿಮಾದಲ್ಲಿ ಹುಡುಗಿ ಬಾಗಿಲ ಹತ್ರ ಹೋಗ್ತಾಳಲ್ಲ, ಆಗ ಥಿಯೇಟರ್‌ನಲ್ಲಿ ಕೂತ ಜನ ಏನಂತಾರೆ?"

"ತೆಗೀಬೇಡ, ತೆಗೀಬೇಡ ಅಂತಾರೆ."

"ಹೂಂ. ಏಳು. ನಿನ್ನ ಸಾಮಾನು ತಗೊಂಡು ಹೊರಗೆ ಹೋಗು."

"ಮೇಷ್ಟ್ರೇ?"

"ಹೋಗು."

ಅವಳು ಹೊರಗೆ ಬಂದಳು. ಹಿಂದೆಯೇ ಬಾಗಿಲು ಮುಚ್ಚಿತು. ಚಿಲಕ ಬಿತ್ತು.

ಬಿಂದು ಸ್ವಲ್ಪ ಹೊತ್ತು ಕಾದಳು. ಆಮೇಲೆ ಬಾಗಿಲು ತಟ್ಟಿದಳು. ಒಳಗೆ ಹೆಜ್ಜೆಗಳು ಬಾಗಿಲವರೆಗೆ ಬಂದವು. ನಿಂತವು. ಮರದ ಹಲಗೆಯ ಆಚೆ ಮೇಷ್ಟ್ರ ಉಸಿರು ಕೇಳಿಸುತ್ತಿತ್ತು.

"ಮೇಷ್ಟ್ರೇ, ನಾನು."

ಬಾಗಿಲು ತೆಗೆಯಲಿಲ್ಲ.

ಅವಳು ಮತ್ತೆ ತಟ್ಟಲು ಕೈ ಎತ್ತಿ ಹಾಗೇ ನಿಂತಳು. ತನ್ನ ಚಿತ್ರದಲ್ಲಿ ರೈನ್‌ಕೋಟ್ ಹಾಕಿಕೊಂಡು ನಿಂತದ್ದು ಇಂಥದೇ ಜಾಗದಲ್ಲಿ, ಬಾಗಿಲಿನ ಈಚೆ, ಕೈ ಎತ್ತಿಕೊಂಡು. ಆಗ ಕೈಯಲ್ಲಿ ಚಾಕು ಇತ್ತು. ಈಗ ಇಲ್ಲಿ ನಿಂತವಳಿಗೆ ಯಾರನ್ನೂ ಕೊಲ್ಲಬೇಕು ಅನ್ನಿಸಲಿಲ್ಲ. ಒಳಗೆ ಕರೆದರೆ ಸಾಕಾಗಿತ್ತು. ಕರೆಯಲಿಲ್ಲವಲ್ಲ ಅಂತ ಅಳು ಬಂತು.

ನೆರಳು ಜಗಲಿಯಿಂದ ಇಳಿಯುವವರೆಗೆ ನಿಂತಿದ್ದಳು. ಆಮೇಲೆ ಸಿಟ್ಟು ಮಾಡಿಕೊಂಡು ಬಸ್ಸಿಗೆ ನಡೆದಳು.

ಸಂಜೆ ವಠಾರದ ತನ್ನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಳ್ಳದೆ, ಸ್ಪೀಕರೂ ಹಾಕದೆ ಕೂತಳು. ಪಂಪು ನಿಂತಿತು. ನಲ್ಲಿ ತೊಟ್ಟಿಕ್ಕಿತು. ಇಷ್ಟು ದಿನ ತಾನು ಇಂಥ ಮೌನದಲ್ಲಿ ಬದುಕಿದ್ದೆನಾ ಅನ್ನಿಸಿತು.

ದೀಪ ಹಚ್ಚುವ ಹೊತ್ತಿಗೆ ಹೆಜ್ಜೆ ಬಂತು. ಬರಿಗಾಲು. ಬಾಗಿಲ ಬಳಿ ನಿಂತಿತು.

ತೆಗೀಬೇಡ ಅಂತು ಮನಸ್ಸು.

ಬಿಂದು ಎದ್ದು ಹೋಗಿ ತೆಗೆದಳು.

ಹೊರಗಿನ ಮಬ್ಬಿನಲ್ಲಿ ಒಂದು ಆಕೃತಿ. ಕೈಯಲ್ಲಿ ಏನೋ ಫಳಕ್ಕನೆ ಹೊಳೆಯಿತು. ಬಿಂದು ಕಿರುಚಿದಳು. ಆ ಆಕೃತಿಯೂ ಕಿರುಚಿತು.

ಕೋಣೆಯ ದೀಪ ಹಾಕಿದಾಗ ಕಂಡದ್ದು ವಠಾರದ ಕೊನೇ ಮನೆಯ ಕೆಂಪಾಜಮ್ಮ. ರವಿಕೆ ಹೊಲಿಯುವ ಹೆಂಗಸು, ವಯಸ್ಸಾದವರು. ಕೈಯಲ್ಲಿ ಸ್ಟೀಲ್ ಡಬ್ಬಿ.

"ಅಯ್ಯೋ, ಜೀವ ಹೋಯ್ತಲ್ಲವ್ವ!" ಅಂತ ಕೆಂಪಾಜಮ್ಮ ಎದೆ ಹಿಡಿದುಕೊಂಡರು.

"ಮುಂಚೆನೂ ಬಂದು ನಿಂತಿದ್ದು ನೀವೇನಾ?"

"ನಾನೇ ಕಣವ್ವ. ಬಂದಾಗಿಂದ ಒಬ್ಳೇ ಇದೀಯ, ಮುಖ ಸಪ್ಪಗಿತ್ತು. ಒಂಚೂರು ಬಸ್ಸಾರು ಕೊಟ್ಟೋಗಾನ ಅಂತ ಬತ್ತಿದ್ದೆ. ಬಾಗ್ಲತ್ರ ಬಂದ್ರೆ ಒಳಗೆ ಕಿರುಚಾಟ! ಯಾರೋ ಯಾರನ್ನೋ ಕೊಲ್ತಾವ್ರೆ ಅಂತ ಹೆದ್ರಿ ಓಡೋಗ್ತಿದ್ದೆ."

"ಅದು ಸಿನಿಮಾ ಅಮ್ಮ. ನನ್ನದೇ ಸಿನಿಮಾ."

"ನಂಗೇನವ್ವ ಗೊತ್ತು? ಒಂದಿನ ಸದ್ದೇ ಇರ್ಲಿಲ್ಲ. ಮುಗಿಸೇಬಿಟ್ರೇನೋ ಅಂತ ಇನ್ನೂ ಭಯ ಆಯ್ತು. ತಟ್ಟಾನ ಬ್ಯಾಡ್ವಾ ಅಂತ ನಿಂತೇ ನಿಂತಿದ್ದೆ." ಕೆಂಪಾಜಮ್ಮ ಬಗ್ಗಿ ಒಳಗೆ ನೋಡಿದರು. "ಅದೆಷ್ಟು ಜನ ಅವ್ರೆ ಒಳಗೆ?"

"ಯಾರೂ ಇಲ್ಲ. ನಾನೊಬ್ಬಳೇ."

"ನಂದೂ ಅಷ್ಟೇಯ," ಅಂದರು ಕೆಂಪಾಜಮ್ಮ. "ತಟ್ಟೆ ಐತಾ?"

ಕಾಲೇಜಿನ ಪ್ರದರ್ಶನ ಮುಗಿದ ಮೇಲೆ ಬಿಂದು ಮತ್ತೆ ನದಿ ದಂಡೆಗೆ ಬಂದಳು. ಈ ಸಲ ಲ್ಯಾಪ್‌ಟಾಪ್ ಜೊತೆಗೆ ಆ ಸ್ಟೀಲ್ ಡಬ್ಬಿಯೂ ಇತ್ತು. ಮೇಷ್ಟ್ರಿಗೆ ಅಂತ ಕೆಂಪಾಜಮ್ಮ ಕಟ್ಟಿ ಕೊಟ್ಟಿದ್ದರು.

ಬಾಗಿಲು ಹಾರು ಹೊಡೆದಿತ್ತು. ಮೇಷ್ಟ್ರು ಜಗಲಿಯ ಮೇಲೆ ಕೂತಿದ್ದರು.

"ಬೆಕ್ಕು ಏನಾಯ್ತು?"

"ಇದೆ ಮೇಷ್ಟ್ರೇ. ಫೋನೂ ಇದೆ. ಕರೆಂಟೂ ಹೋಗುತ್ತೆ. ಕೊಲೆಗಾರ ನೋಡೋ ಹಾಗೆ ಕ್ಯಾಮೆರಾ ಬರುತ್ತಲ್ಲ, ಉಸಿರು ಬಿಡ್ತಾ, ಅದೂ ಇದೆ. ಕತ್ತಲಲ್ಲಿ ಕೈಯಲ್ಲಿ ಏನೋ ಹೊಳೆಯುತ್ತೆ."

"ಚಾಕು?"

"ಡಬ್ಬಿ. ಇದೇ ಡಬ್ಬಿ. ಪಾರ್ಟು ಕೆಂಪಾಜಮ್ಮನದೇ. ಒಂದು ಶಾಟ್‌ಗೆ ನಾಲ್ಕು ಸಲ ಸೀರೆ ಬದಲಾಯಿಸಿದ್ರು."

ಮೇಷ್ಟ್ರು ನಕ್ಕರು. "ಮೌನ?"

"ಬಂಗಲೆ ಬಿಟ್ಟುಬಿಟ್ಟೆ. ಎಲ್ಲಾ ನನ್ನ ರೂಮಿನಲ್ಲೇ ತೆಗೆದೆ. ಮುಗಿದ ಮೇಲೆ ನಾನೂ ಅವರೂ ಅಲ್ಲಾಡದೆ ನಿಂತು ಮೌನ ಹಿಡಿದ್ವಿ. ಅವರಿಗೆ ಮಧ್ಯದಲ್ಲಿ ನಗು ಬಂತು. ಇನ್ನೊಂದು ಸಲ ಹಿಡಿದ್ವಿ."

"ಕೊನೆ?"

"ಬಾಗಿಲು ತೆಗೆಯಲ್ಲ ಮೇಷ್ಟ್ರೇ. ಒಳಗೆ ಹುಡುಗಿ ಕೈ ಚಿಲಕದ ಮೇಲಿಟ್ಟು ನಿಂತಿದಾಳೆ. ಹೊರಗೆ ಅವರು ತಟ್ಟೋಕೆ ಕೈ ಎತ್ತಿದಾರೆ. ಸಂಗೀತ ಇಲ್ಲ. ಇಬ್ಬರೂ ಕಾಯ್ತಾರೆ. ಆಮೇಲೆ ಅವರು ವಾಪಸ್ ಹೋಗ್ತಾರೆ."

"ಜನ ಏನಂದ್ರು?"

ಬಿಂದು ನದಿಯ ಕಡೆ ನೋಡಿದಳು. "ಹಿಂದಿನ ಸಾಲಿನಿಂದ ಒಬ್ಬ ಕೂಗಿದ. ತೆಗಿಯೇ ಅಂತ. ಆಮೇಲೆ ಇನ್ನೊಬ್ಬಳು ಕೂಗಿದಳು. ಆಮೇಲೆ ಸುಮಾರು ಜನ. ತೆಗಿ, ತೆಗಿ, ಹೋಗ್ತಿದಾರೆ ತೆಗಿ ಅಂತ. ಹೆಜ್ಜೆ ದೂರ ಆಯ್ತು. ದೀಪ ಹಾಕಿದ್ರೂ ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ."

"ನಕ್ಕರಾ?"

"ಇಲ್ಲ. ಅವತ್ತು ನಕ್ಕಿದ್ದ ಹುಡುಗಿ ಹೊರಗೆ ಬಂದು ನನ್ನ ಪಕ್ಕ ನಿಂತ್ಕೊಂಡಳು. ಸಿನಿಮಾ ಬಗ್ಗೆ ಏನೂ ಹೇಳಲಿಲ್ಲ. ಊಟ ಆಯ್ತಾ ಅಂತ ಕೇಳಿದಳು."

ಮೇಷ್ಟ್ರು ಡಬ್ಬಿ ಬಿಚ್ಚಿದರು. ಅನ್ನಕ್ಕೆ ಬಸ್ಸಾರು ಕಲಸಿಕೊಂಡು ನಿಧಾನವಾಗಿ ಉಂಡರು. ಬೇರೆಯವರ ಕೈ ಅಡುಗೆ ಉಂಡು ಎಷ್ಟು ಕಾಲವಾಗಿತ್ತೋ, ಡಬ್ಬಿಯ ತಳವನ್ನು ಬೆರಳಿನಿಂದ ಬಳಿದರು.

ಬಿಂದು ಕಾದಳು. ಅವಳ ಮನಸ್ಸಿನಲ್ಲಿ ಒಂದು ಮಾತು ಇನ್ನೂ ಉಳಿದಿತ್ತು.

"ಮೇಷ್ಟ್ರೇ, ಅವತ್ತು ನನ್ನನ್ನ ಹೊರಗೆ ನಿಲ್ಲಿಸಿದ ಪಾಠ ಅರ್ಥ ಆಯ್ತು. ಆದ್ರೆ ನೀವು ಬಾಗಿಲತನಕ ಬಂದ್ರಿ. ನಿಮ್ಮ ಉಸಿರು ನನಗೆ ಕೇಳಿಸ್ತಿತ್ತು. ನಾನು ಹೋಗೋವರೆಗೂ ಅಲ್ಲೇ ನಿಂತಿದ್ರಿ. ಅಷ್ಟು ಹೊತ್ತಿಗೆ ಪಾಠ ಮುಗಿದಿತ್ತು. ಯಾಕೆ ತೆಗೀಲಿಲ್ಲ?"

ಮೇಷ್ಟ್ರು ಡಬ್ಬಿಗೆ ಮುಚ್ಚಳ ಹಾಕಿದರು. ಸರಿಯಾಗಿ ಕೂತಿದೆಯಾ ಅಂತ ಒತ್ತಿ ನೋಡಿದರು.

"ತೆಗೆದಿದ್ರೆ ಪಾಠ ಮುಗೀತು ಅಂತ ನೀನು ಆಗಲೇ ಬಸ್ಸು ಹಿಡಿದು ಹೋಗಿಬಿಡ್ತಿದ್ದೆ," ಅಂದರು. "ಮುಚ್ಚಿದ್ದಷ್ಟು ಹೊತ್ತು ನನ್ನ ಬಾಗಿಲಿಗೂ ಒಬ್ಬರು ಬಂದು ನಿಂತಿದ್ರಲ್ಲಮ್ಮ."