ಬಾಳವ್ವನ ಮಗ ಕ್ವಾಟಿ ನೋಡಾಕ ಹೋದದ್ದು

ಊರಿಗೊಬ್ಬ ಶಾಣ್ಯಾ ಇರತಾನೋ ಇಲ್ಲೋ ನಾ ಕಾಣೆ, ಪೆದ್ದ ಮಾತ್ರ ತಪ್ಪದ ಇರತಾನ. ಈ ಕತಿಯ ಊರಾಗೂ ಒಬ್ಬ ಇದ್ದ. ಭರಮ್ಯಾ ಅಂತ ಅವನ ಹೆಸರು. ಎತ್ತಿನಂಥಾ ಮೈ, ಕೂಸಿನಂಥಾ ಬುದ್ಧಿ. ಅವನ ಅವ್ವ ಬಾಳವ್ವ. ಹೆಸರಿಗೆ ಬಾಳವ್ವ, ಬಾಳಿದ್ದೆಷ್ಟು ಅಂತ ಕೇಳಬ್ಯಾಡ್ರಿ. ಮಗ ತೊಟ್ಟಿಲದಾಗ ಇದ್ದಾಗ ಗಂಡ ಮಿಲಿಟ್ರ್ಯಾಗ ಸತ್ತ.

ಹೆಂಗ ಸತ್ತ? ದೂರದ ಹಿಮದ ಗುಡ್ಡದ ಮ್ಯಾಲ ಲಡಾಯಿ ನಡೆದಿತ್ತಂತ. "ನಾ ಹೇಳೋತನಕ ಈ ಜಾಗಾ ಬಿಟ್ಟು ಅಲುಗಾಡಬ್ಯಾಡ" ಅಂದಿದ್ದನಂತ ಮ್ಯಾಲಿನ ಸಾಹೇಬ. ಗುಂಡು ಸುರಿದವು. ಸಾಹೇಬ ಇಳಿದು ಹೋದ, ಜೋಡಿದಾರರೂ ಇಳಿದು ಹೋದರು. ಹೇಳೋದು ಯಾರಿಗೂ ನೆನಪಾಗಲಿಲ್ಲ. ಅಂವ ಮಾತ್ರ ನಿಂತೇ ಇದ್ದ. ಹೆಣಾನೂ ಸಿಗಲಿಲ್ಲ. ಸುದ್ದಿ ತಂದ ಜೋಡಿದಾರ "ವೀರ, ತಾಯಿ, ನಿನ್ನ ಗಂಡ ವೀರ" ಅಂತ ಅತ್ತ. ಊರೂ ವೀರ ಅಂತು. ಹೇಳಿದ್ದನ್ನ ಹೇಳಿದಂಗ ಮಾಡಿದ ಅಪ್ಪ ವೀರ, ಹೇಳಿದ್ದನ್ನ ಹೇಳಿದಂಗ ಮಾಡೋ ಮಗ ಪೆದ್ದ! ಇದ್ಯಾವ ನ್ಯಾಯ ಅಂತ ಆಕಿ ಯಾರನ್ನ ಕೇಳಬೇಕು?

ಒಂದಿನ ಬಾಳವ್ವ ಕಸಾ ತೆಗಿಯಾಕ ಹೊಲಕ್ಕ ಹೊಂಟಳು. "ಮನಿಗೆ ಬಂದವರಿಗೆ ನೀರು ಬೆಲ್ಲ ಕೊಡೋ ನನ್ನಪ್ಪ" ಅಂದಳು. "ಆತು ಯವ್ವಾ" ಅಂದ ಭರಮ್ಯಾ. ಬಂದವ ಯಾರು? ಕಳ್ಳ! ಭರಮ್ಯಾ ನೀರು ಕೊಟ್ಟ, ಬೆಲ್ಲ ಕೊಟ್ಟ. ಕಳ್ಳ ತಾಮ್ರದ ಹಂಡೆ ಎತ್ತಲಾರದ ತಿಣುಕಿದರ ಕೈಹಚ್ಚಿ ಅವನ ತಲಿ ಮ್ಯಾಲೂ ಇಟ್ಟ.

"ಅಯ್ಯ ನಿನ್ನ ಬಾಯಾಗ ಮಣ್ಣು ಹಾಕ!" ಹೊಲದಿಂದ ಬಂದು ಹಣಿ ಹಣಿ ಬಡಕೊಂಡಳು ಬಾಳವ್ವ. "ಹಂಡೆ ಹೊರಿಸಿ ಕಳಿಸಿದೇನೋ!"

"ಹೇಳಿದ್ದ ಮಾಡೀನಿ ಯವ್ವಾ. ತಪ್ಪೇನೈತಿ?"

"ಹೊಸಬರನ್ನ ಕಂಡ್ರ 'ಯಾರು ನೀವು? ಯಾಕ ಬಂದ್ರಿ? ನಡೀರಿ ಹೊರಗ!' ಅನ್ನಬೇಕು!"

"ಆತು ಯವ್ವಾ."

ಹಿಂಗಿರಬೇಕಾದ್ರ ಊರ ಮಾಸ್ತರು ಒಂದು ಸುದ್ದಿ ತಂದರು. ಜಿಲ್ಲಾದ ಊರಾಗ, ಹಳೇ ಕ್ವಾಟಿ ಹತ್ತಿರ, ಲಡಾಯ್ಯಾಗ ಸತ್ತವರ ಹೆಸರು ಕೆತ್ತಿದ ಒಂದು ಕಲ್ಲು ಐತಿ. ಹೆಣ ಸಿಗಲಿಲ್ಲ ಅಂತ ಬಾಳವ್ವನ ಗಂಡನ ಹೆಸರು ಬಿಟ್ಟಿದ್ದರು. ಮಾಸ್ತರು ಬೆನ್ನು ಹತ್ತಿ ಬೆನ್ನು ಹತ್ತಿ, ಕಡೀಕ ಹೆಸರು ಏರಿಸಿದ್ದರು. "ಸದ್ಯಕ್ಕ ಬಣ್ಣದಾಗ ಬರದಾರ ಬಾಳವ್ವಾ, ಮುಂದ ಕೆತ್ತಸ್ತಾರಂತ. ಅಲ್ಲಿ ಊರು ತೋರಿಸೋ ಬಸ್ಸು ಐತಿ. ಜೇಲು, ಅರಮನಿ, ಕ್ವಾಟಿ ಎಲ್ಲಾ ತೋರಿಸಿ ಕಡೀಕ ಆ ಕಲ್ಲಿನ ಹತ್ತಿರ ಇಳಸ್ತಾರ. ಒಮ್ಮೆ ನೋಡಿ ಬಾ."

ನೋಡಿ ಏನು ಮಾಡ್ಯಾಳು? ಓದಾಕ ಬರೂದಿಲ್ಲ. ಮುಟ್ಟಬೇಕು ಅಂತ ಆಸೆ ಆಕಿಗೆ. ಗಂಡನ ಹೆಣ ಮುಟ್ಟಿ ಅಳಲಿಲ್ಲ, ಹೆಸರಾದ್ರೂ ಮುಟ್ಟಿ ಅಳಬೇಕು. ಅದೂ ಬಾಯಿಲೆ ಹೇಳೋ ಹೆಸರಲ್ಲ. ಹಿಂದಿನ ಹೆಣ್ಣುಮಗಳು, ಗಂಡನ ಹೆಸರು ತಗೋಳಾಕಿ ಅಲ್ಲ. ಮದುವ್ಯಾಗ ಹೆಂಗಸರು ಹೊಸ್ತಿಲದಾಗ ತಡದು ಒಡಪು ಹೇಳು ಅಂದಾಗ ಒಮ್ಮೆ ಹೇಳಿದ್ದಳು: "ಹಿತ್ತಲದಾಗ ಮಲ್ಲಿಗಿ, ಮಾಡದಾಗ ದೀಪ, ನನ್ನ ಕುಂಕುಮದ ಒಡೆಯ ಅಡಿವೆಪ್ಪ." ಅಷ್ಟೇ. ಮುಂದ ಆ ಹೆಸರು ನಾಲಿಗಿ ದಾಟಿಲ್ಲ. ಹಂಗಾದ್ರ ಕಲ್ಲಿನ ಮ್ಯಾಲ ಹೆಸರು ಹುಡುಕಿ ಕೊಡಾಂವ ಯಾರು? ಭರಮ್ಯಾನ. ಎರಡನೇ ಇಯತ್ತೆ ಕಲಿತಿದ್ದ, ಅಕ್ಷರ ಕೂಡಿಸಿ ಕೂಡಿಸಿ ಓದತಿದ್ದ.

ಹುಂಜ ಮಾರಿದಳು, ಬುತ್ತಿ ಕಟ್ಟಿದಳು, ಸೆರಗಿನಾಗ ಸೇವಂತಿಗಿ ಹೂವು ಕಟಗೊಂಡಳು, ಮಗನ್ನ ಕರಕೊಂಡು ಹೊಂಟಳು.

ಬಸ್ಸಿನಾಗ ಎಲ್ಲಾರಕಿಂತ ಮೊದಲ ಹತ್ತಿ ಬಾಗಲದಾಗ ಕುಂತ ಭರಮ್ಯಾ. ಜನ ಹತ್ತಾಕ ಬಂದರು. ಎಲ್ಲಾ ಹೊಸಬರು! ಎದ್ದು ನಿಂತು ಎರಡೂ ಕೈ ಅಡ್ಡ ಹಾಕಿದ. "ಯಾರು ನೀವು? ಯಾಕ ಬಂದ್ರಿ? ನಡೀರಿ ಹೊರಗ!"

ರೊಕ್ಕಾ ಕೊಟ್ಟು ಬಂದ ಮಂದಿ ಸುಮ್ಮನ ಇದ್ದಾರೇನು? ಒದರಾಟ ಶುರು ಆತು. ಗೈಡ್ ಓಡಿ ಬಂದ. ಪ್ರಲ್ಹಾದ ಅಂತ ಅವನ ಹೆಸರು, ಕೆಂಪು ಟೊಪ್ಪಿಗಿ, ಕೊಳ್ಳಾಗ ಸೀಟಿ.

"ಏ ಹುಚ್ಚಪ್ಯಾಲಿ! ನನ್ನ ಗಿರಾಕಿ ಓಡಸ್ತೀಯೇನಲೇ? ಕೈಮುಗಿದು 'ಬರ್ರಿ, ಬರ್ರಿ, ಹೆಂಡರು ಮಕ್ಕಳನ್ನೂ ಕರಕೊಂಡು ಬರ್ರಿ, ಜಾಗಾ ಭಾಳ ಐತಿ' ಅನ್ನಬೇಕು!"

"ಆತ್ರಿ ಸಾಹೇಬ್ರ."

ಮೊದಲ ಇಳದದ್ದು ಹಳೇ ಜೇಲಿಗೆ. ನೆಲದಾಗ ಕೊರೆದ ಕತ್ತಲಿ ಕೋಣಿ. "ಲಡಾಯ್ಯಾಗ ಸೆರೆ ಸಿಕ್ಕವರನ್ನ ಇಲ್ಲಿ ಬ್ಯಾಡಿ ಹಾಕಿ ಒಗೀತಿದ್ರು" ಅಂದ ಪ್ರಲ್ಹಾದ, ಧ್ವನಿ ಇಳಿಸಿ. "ಒಳಗ ಹೋದವ ಹೊರಗ ಬಂದಿಲ್ಲ. ಆ ಮ್ಯಾಲಿನ ಕೊಂಡಿ ನೋಡ್ರಿ, ನೇಣಿಂದು." ಮಂದಿ ಕುತ್ತಿಗಿ ಎತ್ತಿ ನೋಡಿದರು. ಒಬ್ಬ ಮುದುಕಿ ಕಣ್ಣು ಒರೆಸಿಕೊಂಡಳು. ಆ ಕೊಂಡಿ ಕೆಳಗ ಹೋಗಿ ನಿಂತ ಭರಮ್ಯಾ, ಕೈಮುಗಿದ, ಹಲ್ಲು ಕಿರಿದ.

"ಬರ್ರಿ, ಬರ್ರಿ! ಹೆಂಡರು ಮಕ್ಕಳನ್ನೂ ಕರಕೊಂಡು ಬರ್ರಿ! ಜಾಗಾ ಭಾಳ ಐತಿ!"

"ಥೂ ನಿನ್ನ! ಅಪಶಕುನದ ಮಾರಿ!" ಮುದುಕಿ ಉಗುಳಿದಳು. ಪ್ರಲ್ಹಾದ ಅವನ ರಟ್ಟಿ ಹಿಡಿದು ಹೊರಗ ಎಳದ. "ಸತ್ತವರ ಜಾಗಾ ಲೇ ಇದು! ಇಂಥಲ್ಲಿ ಎದಿ ಬಡಕೊಂಡು 'ಅಯ್ಯೋ, ಬಾಳೋ ವಯಸ್ಸಿನಾಗ ಇದೆಂಥಾ ಗತಿ ಬಂತು!' ಅನ್ನಬೇಕು, ತಿಳೀತೇನು?"

"ತಿಳೀತ್ರಿ ಸಾಹೇಬ್ರ."

ತಿಳಿದದ್ದು ಎಷ್ಟು ಅಂತ ಅರಮನ್ಯಾಗ ಗೊತ್ತಾತು. ಬಸ್ಸಿನಾಗ ಹೊಸದಾಗಿ ಮದುವಿ ಆದ ಜೋಡಿ ಒಂದಿತ್ತು. ಅರಮನಿ ಮೆಟ್ಟಲ ಮ್ಯಾಲ ನಿಂತು, ಅವನ ಹೆಗಲಿಗೆ ಆಕಿ ತಲಿ ಇಟ್ಟು, ಫೋಟೋ ತಗೋತಿದ್ದರು. ಭರಮ್ಯಾ ಹೋದ, ಎದುರಿಗೆ ನಿಂತ, ದಬದಬ ಎದಿ ಬಡಕೊಂಡ.

"ಅಯ್ಯೋ! ಬಾಳೋ ವಯಸ್ಸಿನಾಗ ಇದೆಂಥಾ ಗತಿ ಬಂತು!"

ಹುಡುಗಿ ಬೊಬ್ಬೆ ಹೊಡದು ಅತ್ತಳು. ಹುಡುಗ ಕೈ ಎತ್ತಿಕೊಂಡು ಬಂದ. ಬಾಳವ್ವ ನಡುವ ಬಿದ್ದಳು. "ಬ್ಯಾಡ್ರೀ ಯಪ್ಪಾ, ನಿಮ್ಮ ಕಾಲಿಗೆ ಬೀಳತೀನಿ, ಅದಕ್ಕ ಬುದ್ಧಿಲ್ಲ!" ಹುಡುಗಿ ಕೈಯಾಗಿನ ಹಸಿರು ಬಳಿ ಕಂಡವು. ತಾನೂ ಇಷ್ಟ ವಯಸ್ಸಿನಾಕಿ ಇದ್ದಾಗ ತನ್ನ ಬಳಿ ಒಡದಿದ್ದರು. ನನ್ನ ಮದುವ್ಯಾಗ ಯಾರಾದ್ರೂ ಒಬ್ಬ ಪೆದ್ದ ಬಂದು ಹಿಂಗ ಎದಿ ಬಡಕೊಂಡಿದ್ರ ಸುಳ್ಳು ಆಗತಿರಲಿಲ್ಲ ಅಂತ ಅನ್ನಿಸಿತು ಆಕಿಗೆ.

"ಶುಭಾ ನೋಡಿ ಅಳತಾರೇನಲೇ ಕತ್ತಿ!" ಪ್ರಲ್ಹಾದ ಚೀರಿದ. "ಜೋಡಿ ಕಂಡ್ರ 'ಒಂದಕ್ಕ ಹತ್ತಾಗಲಿ, ಹತ್ತಕ್ಕ ನೂರಾಗಲಿ' ಅನ್ನು! ಯಮ್ಮಾ, ಇವನ್ನ ಯಾಕರ ಕರಕೊಂಡು ಬಂದಿ? ಇನ್ನೊಮ್ಮೆ ಹಿಂಗ ಮಾಡಿದ್ರ ನಿಮ್ಮಿಬ್ಬರನ್ನೂ ಇಲ್ಲೇ ಇಳಿಸಿ ಹೋಗಿಬಿಡತೀನಿ ನೋಡು."

ಬಾಳವ್ವ ಮಗನ್ನ ಬಾಜೂಕ ಎಳಕೊಂಡಳು. ಇಲ್ಲೇ ಇಳಿಸಿದ್ರ ಕಲ್ಲು ಮುಟ್ಟೋದು ಹೆಂಗ? "ಭರಮ್ಯಾ, ನನ್ನಪ್ಪಾ" ಅಂದಳು, ಮಗನ ಗದ್ದ ಹಿಡಿದು. "ನಿಮ್ಮಪ್ಪನ ಹೆಸರು ನೋಡೋತನಕ ಸಾಹೇಬ್ರು ಹೇಳಿದಂಗ ಕೇಳೋ."

"ಹೇಳಿದ್ದ ಮಾಡತೀನಿ ಯವ್ವಾ, ಅವರ ಸುಮ್ಮ ಸುಮ್ಮನ ಬೈತಾರ."

ಕ್ವಾಟಿ ಬಂತು. ತೋಪಿನ ಗುಂಡು ಬಡದು ಗೋಡಿ ತುಂಬ ಕುಳಿ ಬಿದ್ದಿದ್ದವು. ಅದರ ಬುಡಕ್ಕ ಯಾವೋ ನಾಕು ಪಡ್ಡೆ ಹುಡುಗರು ಇದ್ದಿಲು ಹಿಡಕೊಂಡು ಒಂದು ಹುಡುಗನ ಹೆಸರು, ಒಂದು ಹುಡುಗಿ ಹೆಸರು, ನಡುವ ಒಂದು ಬಾಣ ಬರೀತಿದ್ದವು. ಭರಮ್ಯಾ ಕೂಡಿಸಿ ಓದಿದ. ಜೋಡಿ! ಕುಣಿದು ಕುಣಿದು ಅಂದ: "ಒಂದಕ್ಕ ಹತ್ತಾಗಲಿ! ಹತ್ತಕ್ಕ ನೂರಾಗಲಿ!" ಹುಡುಗರು ಕೇಕಿ ಹಾಕಿ ನಕ್ಕು ಇನ್ನಷ್ಟು ಬರದವು.

ಪ್ರಲ್ಹಾದ ಬಂದು ನೋಡಿದ. ಹುಡುಗರು ಓಡಿದವು, ಸಿಕ್ಕಾಂವ ಭರಮ್ಯಾ. "ಮತ್ತ ನೀನ ಏನಲೇ! ಇಲ್ಲಿ ಜೀವಾ ಕೊಟ್ಟವರ ಮಾರಿಗೆ ಉಗುಳಿದಂಗ ಲೇ ಇದು! ಕಲ್ಲಿನ ಮ್ಯಾಲ ಹೆಸರು ಬರಿಯೋರ ಮನಿ ಹಾಳಾಗಲಿ! ಹೆಸರು ಕಂಡ್ರ ಒಂದೂ ಬಿಡಬ್ಯಾಡ, ಉಗುಳು ಹಚ್ಚಿ ತಿಕ್ಕಿ ತೆಗಿ!" ಒಂದು ಇಟ್ಟಂಗಿ ಚೂರು ತಗೊಂಡು ಅವನ ಕೈಯಾಗ ತುರುಕಿದ.

ಭರಮ್ಯಾ ತಿಕ್ಕಿದ. ಬೆರಳು ಕೆತ್ತಿ ರಕ್ತ ಬಂದ್ರೂ ಬಿಡಲಿಲ್ಲ. ಇದ್ದಿಲಿಂದು ಹೋತು, ಸುಣ್ಣದ್ದು ಹೋತು, ಯಾವ ಕಾಲದ್ದೋ ಏನೋ ಎಲ್ಲಾ ಹೋತು. ಗೋಡಿ ತೊಳದಿಟ್ಟಂಗ ಆತು. ಪ್ರಲ್ಹಾದ ನೋಡಿ ನೋಡಿ ಕಡೀಕ ನಕ್ಕ, ಬೆನ್ನು ತಟ್ಟಿದ.

"ಶಾಣ್ಯಾ! ಹಿಂಗ ನೋಡು! ಇದು ಕೆಲಸ!"

ಬಸ್ಸಿನ ಮಂದಿ ಚಪ್ಪಾಳಿ ತಟ್ಟಿದರು. ಆ ಹೊಸಾ ಮದುವಿ ಹುಡುಗಿನೂ ತಟ್ಟಿದಳು. ಭರಮ್ಯಾ ಬಾಯಿ ತೆರದುಕೊಂಡು ನಿಂತ. ಹುಟ್ಟಿದಾಗಿಂದ ಅವನಿಗೆ ಶಾಣ್ಯಾ ಅಂದವರು ಯಾರೂ ಇರಲಿಲ್ಲ, ಹೆತ್ತ ಅವ್ವನೂ ಅಂದಿರಲಿಲ್ಲ. "ಯವ್ವಾ, ಕೇಳಿದಿ? ಶಾಣ್ಯಾ!" ಇಟ್ಟಂಗಿ ಚೂರು ಕಿಸೆದಾಗ ಇಟಗೊಂಡ. ಬಾಳವ್ವಗ ದುಃಖ ಒತ್ತಿ ಬಂತು. ಇವತ್ತೊಂದ ದಿನ ಎರಡು ಭಾಗ್ಯ ಬಂದವು ನೋಡ್ರಿ, ಮಗಗ ಶಾಣ್ಯಾ ಅನ್ನೋ ಮಾತು, ತನಗ ಗಂಡನ ಹೆಸರು.

ಸಂಜೀಕ ಬಸ್ಸು ಬೇವಿನ ಗಿಡದ ಕೆಳಗ ನಿಂತಿತು. ಎದುರಿಗೆ ಆ ಕಲ್ಲು. ಮಂದಿ ಕಬ್ಬಿನ ಹಾಲು ಕುಡಿಯಾಕ ಹೋದರು. ಬಾಳವ್ವನ ಮೊಣಕಾಲು ಹಿಡಕೊಂಡಿದ್ದವು. "ನೀ ಮುಂದ ಹೋಗು ಯಪ್ಪಾ. ಅಪ್ಪನ ಹೆಸರು ಹುಡುಕು, ನಾ ಹಿಂದ ಬರತೀನಿ" ಅಂದಳು. ಭರಮ್ಯಾ ಓಡಿದ.

ಆಕಿ ಕುಂಟಿಕೋತ ಹೋಗೋದರಾಗ ಅಂವ ಬೆವತು ನಿಂತಿದ್ದ. ಮಾರಿ ತುಂಬ ನಗಿ.

"ಸಿಕ್ಕತೇನೋ?"

"ಸಿಕ್ಕತು ಯವ್ವಾ!"

"ಎಲ್ಲಿ? ಕೈ ಹಿಡಿದು ಇಡು."

ಅಂವ ಆಕಿ ಕೈ ಹಿಡಿದು ಕಲ್ಲಿನ ತಳದಾಗ ಇಟ್ಟ. "ಇಲ್ಲಿ." ಕಲ್ಲು ಹಸಿ ಇತ್ತು, ನುಣ್ಣಗ ಇತ್ತು. ಬಣ್ಣದ ಅಕ್ಷರ ಹಿಂಗ ಇರತಾವೇನೋ ಅಂದುಕೊಂಡಳು. ಹಣಿ ಹಚ್ಚಿದಳು. "ಬಂದೀನ್ರಿ" ಅಂದಳು. "ಭಾಳ ತಡಾ ಆತು. ನಿಮ್ಮ ಮಗನ್ನ ಕರಕೊಂಡು ಬಂದೀನಿ. ಇವತ್ತು ಎಲ್ಲಾರೂ ಅವನಿಗೆ ಶಾಣ್ಯಾ ಅಂದ್ರು." ಸೆರಗು ಬಿಚ್ಚಿ ಹೂವು ಇಟ್ಟಳು. ಇಷ್ಟು ವರ್ಷ ಅಳದ ಇಟಗೊಂಡದ್ದೆಲ್ಲಾ ಅತ್ತಳು.

ಮಂದಿ ಬಂದರು. ಪ್ರಲ್ಹಾದ ಬಗ್ಗಿ ನೋಡಿದ. "ಯಮ್ಮಾ, ಇಲ್ಲಿ ಯಾಕ ಹೂವು ಇಟ್ಟಿ? ಇಲ್ಲೇನೂ ಇಲ್ಲಲ್ಲ, ಬರೇ ಕಲ್ಲು."

"ಇತ್ತ್ರೀ ಸಾಹೇಬ್ರ!" ಭರಮ್ಯಾ ಇಟ್ಟಂಗಿ ಚೂರು ಎತ್ತಿ ತೋರಿಸಿದ. "ಯಾರೋ ನಮ್ಮಪ್ಪನ ಹೆಸರೂ ಬರದುಬಿಟ್ಟಿದ್ರು! ಉಳದವರವು ಕೆತ್ಯಾರ, ಎಷ್ಟು ತಿಕ್ಕಿದ್ರೂ ಹೋಗಲಿಲ್ಲ. ಅದೊಂದ ಬಣ್ಣದ್ದಿತ್ತು. ಒಂದಕ್ಷರ ಬಿಟ್ಟಿಲ್ರಿ. ಶಾಣ್ಯಾ ಅನ್ರಿ!"

ಬಾಳವ್ವ ಹೂವು ಸರಿಸಿ ಮತ್ತ ಮುಟ್ಟಿ ನೋಡಿದಳು. ಬೆರಳಿಗೆ ಇಟ್ಟಂಗಿ ಪುಡಿ ಹತ್ತಿತು.

ಪ್ರಲ್ಹಾದನ ಮಾರಿ ಕಪ್ಪಿಟ್ಟಿತು. ಇಟ್ಟಂಗಿ ಕೊಟ್ಟವ ತಾನ, ಆ ಅಂಜಿಕಿ ಸಿಟ್ಟಾಗಿ ಬಂತು. "ಏ ಹಾಳಾದವನ! ನಾ ಇದಕ್ಕ ಹೇಳಿದ್ನೇನು? ಆ ಗಿಡದ ಕೆಳಗ ಹೋಗಿ ನಿಂದ್ರು! ನನ್ನ ಮುಂದ ಬಾಯಿ ತೆರೀಬ್ಯಾಡ! ನಾ ಹೇಳೋತನಕ ಆ ಜಾಗಾ ಬಿಟ್ಟು ಅಲುಗಾಡಬ್ಯಾಡ!"

ಭರಮ್ಯಾ ಹೋಗಿ ನಿಂತ. ನೆಟ್ಟಗ ನಿಂತ.

"ಯಮ್ಮಾ, ಅಳಬ್ಯಾಡ" ಅಂದ ಪ್ರಲ್ಹಾದ, ಕಿಸೆದಿಂದ ಬರಿಯೋ ಸುಣ್ಣದ ಖಡು ತಗದು. "ಹೆಸರು ಹೇಳು, ಸದ್ಯಕ್ಕ ಇದರಲೆ ಬರೀತೀನಿ. ಆಫೀಸಿಗೂ ತಿಳಸ್ತೀನಿ. ಏನು ನಿನ್ನ ಗಂಡನ ಹೆಸರು?"

ಬಾಳವ್ವ ಬಾಯಿ ತೆರದಳು. ಹೊಸ್ತಿಲದಾಗ ಒಮ್ಮೆ ಹೇಳಿದ ಹೆಸರು ಗಂಟಲದಾಗ ಸಿಕ್ಕಿಕೊಂಡಿತು. ಮಗನ ಕಡೆ ನೋಡಿದಳು. ಮಗನ ಬಾಯಿ ಬಿಗಿ ಮುಚ್ಚಿತ್ತು. ಡ್ರೈವರ್ ಹಾರ್ನ್ ಹೊಡದ. "ಹೇಳು ಯಮ್ಮಾ, ಹೆಸರ ಹೇಳದಿದ್ರ ಏನು ಬರೀಲಿ?" ಮತ್ತ ಹಾರ್ನ್. ಮಂದಿ ಒಬ್ಬೊಬ್ಬರಾಗಿ ತಲಿ ಕೆಳಗ ಹಾಕಿ ಬಸ್ಸು ಹತ್ತಿದರು. ಪ್ರಲ್ಹಾದ ಖಡು ಆಕಿ ಕೈಯಾಗ ಇಟ್ಟು, ಓದು ಬಾರದಾಕಿ ಕೈಯಾಗ ಇಟ್ಟು, "ಲಗೂನ ಬರ್ರಿ" ಅಂದು ಓಡಿದ.

ಬಾಳವ್ವ ಗಿಡದ ಕೆಳಗ ಬಂದು ಮಗನ ಕೈ ಹಿಡಿದು ಜಗ್ಗಿದಳು. "ನಡಿಯೋ, ಬಸ್ಸು ಹೋಗತೈತಿ!"

ಅಂವ ಅಲುಗಾಡಲಿಲ್ಲ. ಬಸ್ಸು ಹೋತು. ಹೇಳೋದು ಯಾರಿಗೂ ನೆನಪಾಗಲಿಲ್ಲ. ಸಾಹೇಬ್ರು ಕಣ್ಮರಿ ಆದ ಮ್ಯಾಲ ಭರಮ್ಯಾ ಬಾಯಿ ತೆರದ. "ಸಾಹೇಬ್ರು ಹೇಳಿಲ್ಲಲ್ಲ ಯವ್ವಾ."

"ನಾ ಹೇಳತೀನಲ್ಲೋ, ನಡಿ!"

"ನೀ ಸಾಹೇಬ್ರಲ್ಲ."

ಬೈದಳು, ಬಡದಳು, ಕಾಲು ಹಿಡಿದಳು. ಎತ್ತಿನಂಥಾ ಮೈ, ಯಾರು ಎಳದಾರು? ನೆಟ್ಟಗ ನಿಂತ ಆ ಎದಿ, ಆ ಹೆಗಲು, ಯಾರದು? ಬಾಳವ್ವ ನೋಡಿದಳು, ನೋಡಿದಳು. ಹಿಮದ ಗುಡ್ಡ ಆಕಿ ಕಂಡಾಕಿ ಅಲ್ಲ, ಈಗ ಕಂಡಳು. ಗಂಟಲದಾಗಿನ ಹೆಸರು ತಾನ ಕಿತಗೊಂಡು ಬಂತು.

"ಅಡಿವೆಪ್ಪಾ!" ಅಂತ ಒದರಿದಳು, ಮಿಲಿಟ್ರಿ ಸಾಹೇಬನಂಗ. "ಅಪ್ಪಣಿ ಆಗೇತಿ! ನಿಂತದ್ದು ಸಾಕು, ಮನಿಗೆ ನಡಿ!"

ಭರಮ್ಯಾ ಕುತ್ತಿಗಿ ಹೊರಳಿಸಿ ಹಿಂದ ನೋಡಿದ, ಮುಂದ ನೋಡಿದ.

"ಯವ್ವಾ, ಅದು ಅಪ್ಪಗ ಹೇಳಿದ್ದು. ಅಪ್ಪ ಮನಿಗೆ ಹೋಗಲಿ. ನನಗ ಇನ್ನೂ ಹೇಳಿಲ್ಲ, ನಾ ನಿಂದ್ರತೀನಿ."

ನಗ್ರಿ, ಯಾಕ ಸುಮ್ಮನಾದ್ರಿ? ಪೆದ್ದನ ಕತಿ ಇದು, ನಗಾಕಂತನ ಹೇಳಿದ್ದು. ಅಂವ ಅಲ್ಲಿ ನಿಂತಾನ, ನಾವು ಇಲ್ಲಿ ಕುಂತೀವಿ. ನಿಮ್ಮಾಗ ಯಾರಾದ್ರೂ ಆ ಕಡೆ ಹೋದ್ರ, ಅವನಿಗೆ ಒಂದು ಮಾತು ಹೇಳಿ ಬರ್ರಿ.