ಸುರುಳವ್ವನ ನೂರ ಅರವತ್ತು ಗೀಟು

ಕೆಂಗಲ್ಲು ಕಾಡಿನಲ್ಲಿ ಒಂದು ಪದ್ಧತಿಯಿತ್ತು, ಮಕ್ಕಳೇ. ಮಳೆಗಾಲದಲ್ಲಿ ಎಲ್ಲರೂ ತಂತಮ್ಮ ಬಳಗದ ಜೊತೆಯೇ ಇರಬೇಕು. ಮೊಸಳೆ, ಉಡಗಳಿಗೆ ಹೊಳೆದಂಡೆ. ಕರಡಿ, ಮೊಲ, ಅಳಿಲುಗಳಿಗೆ ಬೆಟ್ಟದ ಗವಿ.

ಯಾರು ಯಾರ ಬಳಗವೆಂದು ತೀರ್ಮಾನಿಸುವವನು ಗೀಟಪ್ಪನೆಂಬ ಅಳಿಲು. ಒಂದು ಹೋಲಿಕೆ ಕಂಡರೆ ಮರದ ತೊಗಟೆಯ ಮೇಲೆ ಒಂದು ಗೀಟು. ಯಾರ ಕಡೆ ಗೀಟು ಹೆಚ್ಚೋ ಅವರೇ ಬಳಗ. ಅವನ ಲೆಕ್ಕ ತಪ್ಪೆಂದು ಯಾರೂ ಹೇಳಿರಲಿಲ್ಲ. ಹೇಳಲು ಅವನು ಬಿಟ್ಟಿರಲೂ ಇಲ್ಲ.

ಆ ವರ್ಷ ಸುರುಳವ್ವನೆಂಬ ಚಿಪ್ಪುಹಂದಿ, ಮರಿಯನ್ನು ಬಾಲದ ಮೇಲೆ ಕೂರಿಸಿಕೊಂಡು ಹೊಸದಾಗಿ ಬಂದಳು.

"ಗೀಟಪ್ಪನವರೇ, ನಾವೆಲ್ಲಿ ಇರೋಣ?"

ಗೀಟಪ್ಪನಿಗೆ ಹಬ್ಬವೇ ಆಯಿತು. ಎಣಿಸಲು ಇಷ್ಟು ಅನುಕೂಲವಾದ ಮೈಯನ್ನು ಅವನು ಕಂಡೇ ಇರಲಿಲ್ಲ. ಒಂದು ಚಿಪ್ಪು, ಮೊಸಳೆಯ ಹಾಗೆ, ಒಂದು ಗೀಟು. ಇನ್ನೊಂದು ಚಿಪ್ಪು, ಇನ್ನೊಂದು ಗೀಟು. ಮಧ್ಯಾಹ್ನದ ಹೊತ್ತಿಗೆ ಒಂದು ಮರ ಮುಗಿದು ಪಕ್ಕದ ಮರ ಹತ್ತಿದ.

"ಲೇ, ಅವಳು ಮರಿಗೆ ಹಾಲೂಡಿಸ್ತಾಳೋ!" ಎಂದಿತು ಕರಡಿ.

"ಅದಕ್ಕೂ ಒಂದು ಹಾಕಿದ್ದೇನೆ, ಕರಡಿಯಣ್ಣ. ಕಿವಿ, ಕೂದಲು, ಬೆಚ್ಚನೆಯ ಮೈಗೂ ಒಂದೊಂದು. ನನಗೆ ಪಕ್ಷಪಾತವಿಲ್ಲ. ನಿಮ್ಮ ಕಡೆ ನಾಲ್ಕು, ಮೊಸಳೆಯ ಕಡೆ ನೂರ ಅರವತ್ತು."

ಅವಳನ್ನು ಹೊಳೆಗೆ ತಾನೇ ಕರೆದೊಯ್ದ. ಮೊಸಳೆಗೆ ಸಂತೋಷವೋ ಸಂತೋಷ.

"ಬಾ ತಂಗೀ! ಬಳಗವೆಂದರೆ ನನಗೆ ಪ್ರಾಣ. ಹೋದ ವರ್ಷ ಬಂದ ಉಡ ಇನ್ನೂ ಇಲ್ಲೇ ಇದ್ದಾನೆ" ಎಂದು ಹೊಟ್ಟೆ ಸವರಿಕೊಂಡಿತು. "ಅಂದಹಾಗೆ ಗೀಟಪ್ಪ, ನನ್ನ ಹಾಗೆ ನಿನಗೂ ಉಗುರಿದೆಯಲ್ಲ. ಎಷ್ಟಪ್ಪಾ?"

"ಮುಂದೆ ಎಂಟು, ಹಿಂದೆ ಹತ್ತು. ಹದಿನೆಂಟು ಗೀಟು" ಎಂದ ಗೀಟಪ್ಪ, ಅಭ್ಯಾಸಬಲದಿಂದ.

"ಹಾಗಾದರೆ ನೀನೂ ನಮ್ಮವನೇ!" ಮೊಸಳೆ ಬಾಯಿ ತೆರೆಯಿತು.

ಸುರುಳವ್ವ ಚರ್ಚೆಗೆ ನಿಲ್ಲಲಿಲ್ಲ. ಮರಿಯನ್ನೂ ಗೀಟಪ್ಪನನ್ನೂ ಹೊಟ್ಟೆಗೆ ಅವುಚಿಕೊಂಡು ಚೆಂಡಾದಳು. ಕಟಕ್! ಮುರಿದದ್ದು ಮೊಸಳೆಯ ಹಲ್ಲು. ಹಿಂದೆಯೇ ಬಂದಿದ್ದ ಕರಡಿ ಚೆಂಡನ್ನು ಉರುಳಿಸಿಕೊಂಡು ಬೆಟ್ಟ ಹತ್ತಿತು.

ಚೆಂಡಿನೊಳಗೆ ಬೆಚ್ಚಗಿತ್ತು. ಪಕ್ಕದಲ್ಲಿ ಮರಿ ಚಪ್ಪರಿಸಿಕೊಂಡು ಹಾಲು ಕುಡಿಯುತ್ತಿತ್ತು. ತಲೆಕೆಳಗಾಗಿದ್ದ ಗೀಟಪ್ಪನಿಗೆ ಲೆಕ್ಕ ಮೊದಲ ಸಲ ನೆಟ್ಟಗೆ ಕಂಡಿತು.

"ಚಿಪ್ಪು ನೂರ ಅರವತ್ತಿದ್ದರೂ ಹೋಲಿಕೆ ಒಂದೇ" ಎಂದ. "ನಾಲ್ಕಕ್ಕೆ ಒಂದು. ಸುರುಳವ್ವ ನಮ್ಮವಳು."

"ಅಷ್ಟಕ್ಕೆ ಎರಡು ಮರ ಕೆರೆದೆಯಲ್ಲೋ" ಎಂದಿತು ಕರಡಿ.

ಉಳಿದ ನೂರ ಐವತ್ತೊಂಬತ್ತು ಗೀಟು ಉಜ್ಜಿ ಅಳಿಸಲು ಅವನಿಗೆ ಮೂರು ದಿನ ಹಿಡಿಯಿತು. ಮರಿ ಅವನ ಬಾಲಕ್ಕೆ ಜೋತುಬಿದ್ದು, ಅಳಿಸಿದ್ದನ್ನೆಲ್ಲ ಜೋರಾಗಿ ಎಣಿಸುತ್ತಿತ್ತು.

ನೀತಿ: ಒಂದೇ ಸಾಕ್ಷಿಯನ್ನು ನೂರು ಸಲ ಎಣಿಸಿದರೆ ಅದು ನೂರು ಸಾಕ್ಷಿಯಾಗುವುದಿಲ್ಲ.